ಅರ ಕೈಗೆತ್ತಿಕೊಳ್ಳುವ ಮುಂಚೆ

ಪಿಸ್ತೂಲು ಬದಲಾಯಿಸಬೇಕು ಎಂದು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಿಗೆಲ್ಲ ನಾನು ಹೇಳುವುದು, ಆ ಮಾತು ಆಮೇಲೆ, ಮೊದಲು ಹಿಡಿಕೆ ನೋಡೋಣ ಅಂತ. ಚೆನ್ನಾಗಿ ನೋಡಿಕೊಂಡ ಪಂದ್ಯದ ಏರ್ ಪಿಸ್ತೂಲನ್ನು ವೈಸ್‌ಗೆ ಬಿಗಿದು 10 ಮೀಟರ್ ದೂರದಿಂದ ಹೊಡೆದರೆ ಪೆಲೆಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ತೂತಿನೊಳಗೆ ಹೋಗುತ್ತವೆ. ಕ್ಲಬ್ಬಿನ ಬೀರುವಿನಲ್ಲಿರುವ ಹಳೇ ಪಿಸ್ತೂಲಿಗೂ ಅಷ್ಟು ಯೋಗ್ಯತೆ ಇರುತ್ತದೆ. ಅದೇ ಪಿಸ್ತೂಲು ನಿನ್ನ ಕೈಯಲ್ಲಿ ಒಂದು ಸಲ ಹತ್ತು, ಮರುಸಲ ಏಳು ಕೊಡುತ್ತಿದ್ದರೆ, ಲೋಹಕ್ಕೂ ಅಂಗೈಗೂ ನಡುವೆ ಇರುವ ಮರದ ತುಂಡನ್ನು ಒಮ್ಮೆ ವಿಚಾರಿಸಬೇಕು. ಲಕ್ಷಗಟ್ಟಲೆ ಬೆಲೆಯ ಹೊಸದಕ್ಕೆ ಅಪ್ಪ ಅಮ್ಮನನ್ನು ಕಾಡುವುದು ಅದಾದ ಮೇಲಿನ ಕೆಲಸ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ರೇಂಜಿಗೆ ಬರುವ ಮಕ್ಕಳು ಹೆಚ್ಚಾದರು. ನೋಡಲಿಕ್ಕೇ ಸಂತೋಷ. ಆದರೆ ಪಿಸ್ತೂಲುಗಳು ಅಷ್ಟೇ ಇವೆ. ಇರುವವುಗಳಿಗೆ ಬಹುಪಾಲು ಮೀಡಿಯಂ ಸೈಜಿನ ಗ್ರಿಪ್. ಬೆಳಗ್ಗೆ ಆರನೇ ಕ್ಲಾಸಿನ ಹುಡುಗಿ ಹಿಡಿದಿದ್ದನ್ನು ಸಂಜೆ ಇಂಜಿನಿಯರಿಂಗ್ ಓದುವ ಆರಡಿ ಹುಡುಗ ಹಿಡಿಯುತ್ತಾನೆ. ಇಬ್ಬರಿಗೂ ಅದು ಹೊಂದಲು ಸಾಧ್ಯವೇ ಇಲ್ಲ. ಇಬ್ಬರೂ ತಮ್ಮ ಕೈಯನ್ನೇ ಆ ಮರಕ್ಕೆ ಹೊಂದಿಸಲು ಹೆಣಗುತ್ತಾರೆ. ಆರು ತಿಂಗಳು ಹಾಗೆ ಹೆಣಗಿದರೆ ತಪ್ಪು ಹಿಡಿತವೇ ಅಭ್ಯಾಸವಾಗುತ್ತದೆ. ಅದನ್ನು ಬಿಡಿಸಲು ಇನ್ನೊಂದು ವರ್ಷ ಬೇಕು.

ಆ ಪ್ಯಾರಿಸ್‌ನಿಂದಲೇ ಇನ್ನೊಂದು ಚಿತ್ರವನ್ನು ನೀವೆಲ್ಲ ಫೋನಿನಲ್ಲಿ ನೋಡಿದ್ದೀರಿ. ಟರ್ಕಿಯ ಯೂಸುಫ್ ದಿಕೆಚ್ ಬರೀ ಟೀ ಶರ್ಟಿನಲ್ಲಿ, ಎಡಗೈ ಜೇಬಿನಲ್ಲಿಟ್ಟು ನಿಂತು, ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದ ಚಿತ್ರ. "ನೋಡಿ ಸರ್, ಅವರಿಗೆ ಯಾವ ಸಲಕರಣೆಯೂ ಬೇಕಾಗಲಿಲ್ಲ" ಎಂದು ಅದನ್ನು ನನಗೆ ತೋರಿಸುತ್ತೀರಿ. ಅವರ ಬಲಗೈಯನ್ನೂ ನೋಡಿ. ಕೈ ಹಿಡಿದಿರುವುದು ಅಂಗೈಗೆಂದೇ ರೂಪಿಸಿದ, ಕೆಳಗೆ ಆಸರೆ ಇರುವ ಪಂದ್ಯದ ಗ್ರಿಪ್ಪನ್ನು. ಶೂಟಿಂಗ್‌ಗೆಂದೇ ಮಾಡಿದ ವಿಶೇಷ ಕನ್ನಡಕ, ಟೋಪಿ, ಕಿವಿಯ ದೊಡ್ಡ ಮುಚ್ಚಳ ಇಲ್ಲದೆ ಇರಬಹುದು. ಕೈಗೆ ಕೂರದ ಹಿಡಿಕೆ ಹಿಡಿದು ಆ ಮಟ್ಟಕ್ಕೆ ಬಂದವರನ್ನು ನಾನು ಕಂಡಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎನ್ನುವುದಕ್ಕೆ ಸಣ್ಣ ಲೆಕ್ಕ ಇದೆ. ಗುರಿಹಲಗೆಯ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಅಲ್ಲಿಂದ ಹೊರಕ್ಕೆ ಒಂದೊಂದು ವೃತ್ತಕ್ಕೂ 8 ಮಿಲಿಮೀಟರ್ ಅಂತರ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 350 ಮಿಲಿಮೀಟರ್ ಅಂತರ ಇದೆ ಎಂದಿಟ್ಟುಕೋ. ನಿನ್ನ ತೋಳು ಒಟ್ಟಾರೆ ಒಂದು ಮಿಲಿಮೀಟರ್ ಪಕ್ಕಕ್ಕೆ ಅಲುಗಿದರೆ, ಪಿಸ್ತೂಲು ನೇರವಾಗಿಯೇ ಇದ್ದರೆ, ಹಲಗೆಯ ಮೇಲೂ ಒಂದೇ ಮಿಲಿಮೀಟರ್ ವ್ಯತ್ಯಾಸ. ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಣಿಕಟ್ಟು ತಿರುಗಿ ಮುಂದಿನ ಸೈಟು ಹಿಂದಿನ ಸೈಟಿನ ಕಿಂಡಿಯಲ್ಲಿ ಒಂದು ಮಿಲಿಮೀಟರ್ ಸರಿದರೆ, 10 ಮೀಟರ್ ಆಚೆ ಅದು 28 ಮಿಲಿಮೀಟರ್ ದಾಟುತ್ತದೆ. ಮೂರೂವರೆ ವೃತ್ತ! ಕಾಲು ಮಿಲಿಮೀಟರ್ ಚಿಲ್ಲರೆ ಸರಿದರೆ ಸಾಕು, ಒಂದು ಅಂಕ ಹೋಯಿತು. ತೋಳು ಅಲ್ಲಾಡುತ್ತದೆ ಎಂದು ಹೆದರಿ ಕೂರುವ ನೀವು ಈ ಎರಡನೇ ತಪ್ಪನ್ನು ನೋಡುವುದೇ ಇಲ್ಲ. ಹಿಡಿಕೆ ಸರಿ ಇದ್ದರೆ ಪಿಸ್ತೂಲು ಎತ್ತಿದಾಗಲೇ ಎರಡು ಸೈಟುಗಳೂ ತಾವಾಗಿ ಸಾಲಾಗಿರುತ್ತವೆ. ಸರಿ ಇಲ್ಲದಿದ್ದರೆ ಪ್ರತಿ ಸಲ ಮಣಿಕಟ್ಟನ್ನು ತಿರುಚಿ ನೀನೇ ಸಾಲು ಮಾಡಬೇಕು. ಪಂದ್ಯದಲ್ಲಿ 60 ಗುಂಡು, 75 ನಿಮಿಷ. ಅರವತ್ತು ಸಲವೂ ಒಂದೇ ರೀತಿ ತಿರುಚಲು ಯಾರ ಕೈಯಿಂದಲೂ ಆಗುವುದಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಪೆಲೆಟ್ ಇಲ್ಲದ ಪಿಸ್ತೂಲು ಹಿಡಿದು, ಖಾಲಿ ಗೋಡೆಯ ಕಡೆಗೆ ನಿಲುವು ತೆಗೆದುಕೊಂಡು, ಕಣ್ಣು ಮುಚ್ಚಿ ತೋಳು ಎತ್ತು. ಉಸಿರು ಬಿಟ್ಟು, ಕೈ ನಿಂತ ಮೇಲೆ ಕಣ್ಣು ತೆರೆ. ಮುಂದಿನ ಸೈಟು ಕಿಂಡಿಯಲ್ಲಿ ಎಲ್ಲಿದೆ? ಸರಿಪಡಿಸಬೇಡ, ಬರೆದುಕೋ. ಹತ್ತು ಸಲ ಹಾಗೇ ಮಾಡು. ಒಮ್ಮೆ ಎಡ, ಒಮ್ಮೆ ಬಲ ಬಂದರೆ ನೀನು ಪ್ರತಿ ಸಲ ಬೇರೆ ಬೇರೆ ರೀತಿ ಹಿಡಿಯುತ್ತಿದ್ದೀಯ ಅಂತ ಅರ್ಥ. ಮರಕ್ಕೆ ಕೈ ಹಚ್ಚುವ ಕಾಲ ಇನ್ನೂ ಬಂದಿಲ್ಲ, ಹಿಡಿಯುವ ಕ್ರಮವನ್ನೇ ಇನ್ನೊಂದು ತಿಂಗಳು ಅಭ್ಯಾಸ ಮಾಡಬೇಕು. ಹತ್ತು ಸಲವೂ ಒಂದೇ ಕಡೆಗೆ ಸರಿದಿದ್ದರೆ ಆಗ ಹಿಡಿಕೆಯ ಮೇಲೆ ಅನುಮಾನ ಪಡಬಹುದು.

ಅನುಮಾನ ಬಂದ ಕೂಡಲೇ ಅರ ತರಲು ಓಡುತ್ತೀರಿ. ನಿಲ್ಲಿ. ಮರವನ್ನು ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಅಂಟಿಸಲಾಗದು. ಅಲೆನ್ ಕೀಯಿಂದ ಸಡಿಲಿಸಿ ಸರಿಪಡಿಸುವ ಎಷ್ಟೋ ಜಾಗಗಳನ್ನು ಪಂದ್ಯದ ಪಿಸ್ತೂಲು ಮಾಡುವವರು ಮೊದಲೇ ಕೊಟ್ಟಿರುತ್ತಾರೆ. ಟ್ರಿಗರ್ ಹಿಂದೆ ಮುಂದೆ ಸರಿಯುತ್ತದೆ. ಅಂಗೈ ಕೆಳಗಿನ ಆಸರೆ ಮೇಲೆ ಕೆಳಗೆ ಸರಿಯುತ್ತದೆ. ಹಲವು ಪಿಸ್ತೂಲುಗಳಲ್ಲಿ ಇಡೀ ಗ್ರಿಪ್ಪೇ ತುಸು ಓರೆಯಾಗುತ್ತದೆ. ಇವನ್ನೆಲ್ಲ ನೋಡದೆ ಮರ ಕೊರೆದವರ ಗ್ರಿಪ್‌ಗಳು ನಮ್ಮ ಕ್ಲಬ್ಬಿನ ಮೂಲೆಯಲ್ಲಿ ಬಿದ್ದಿವೆ. ಜರ್ಮನಿಯಿಂದಲೋ ಇಟಲಿಯಿಂದಲೋ ತರಿಸಿದ ಒಳ್ಳೆ ಅಕ್ರೋಟ್ ಮರ, ಯಾರ ಕೈಗೂ ಆಗದೆ ಹೋಗಿದೆ.

ಒಬ್ಬ ಹುಡುಗಿಯ ಕೈಯ ಕತೆ ಹೇಳುತ್ತೇನೆ, ಕೇಳು. ಹನ್ನೆರಡು ವರ್ಷ, ಸಣ್ಣ ಕೈ, ಉದ್ದವಲ್ಲದ ಬೆರಳು, ಬಲಗೈ ಶೂಟರ್. ಗುಂಡುಗಳೆಲ್ಲ ಎಡಕ್ಕೆ. ಮಣಿಕಟ್ಟು ದುರ್ಬಲ, ದಿನಾ ಡಂಬೆಲ್ ಎತ್ತು ಎಂದು ಅವಳಿಗೆ ಎಲ್ಲರೂ ಹೇಳಿದ್ದರು. ಪಾಪ, ಎತ್ತುತ್ತಿದ್ದಳು. ನಾನು ಅವಳ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಪಿಸ್ತೂಲು ಹಿಡಿದು ಒಂದು ನಿಮಿಷ ಗುರಿಯಲ್ಲಿ ನಿಲ್ಲಿಸಿದೆ. ಕೈ ಬಿಡಿಸಿದಾಗ ಕಂದು ಮರದ ಮೇಲೆ ಎಲ್ಲವೂ ಬಿಳಿಯಾಗಿ ಬರೆದಿತ್ತು. ಅಂಗೈಯ ಗುಳಿ ಕೂರಬೇಕಾದ ಕಡೆ ಪುಡಿಯ ಗುರುತೇ ಇಲ್ಲ, ಅಲ್ಲಿ ಕೈ ಮರವನ್ನು ಮುಟ್ಟಿಯೇ ಇರಲಿಲ್ಲ. ಬಲಬದಿಯಲ್ಲಿ ತೋರುಬೆರಳಿನ ಬುಡದಿಂದ ಮೊದಲ ಗೆಣ್ಣಿನವರೆಗೆ ದಪ್ಪ ಬಿಳಿ ಪಟ್ಟೆ. ಹಿಂಬದಿಯಲ್ಲಿ ಹೆಬ್ಬೆರಳು ತೋರುಬೆರಳಿನ ಕವಲು ನಡುವೆ ಕೂರುವ ಬದಲು ಒಂದು ಕಡೆಗೆ ಸರಿದಿತ್ತು. ಟ್ರಿಗರ್ ಅವಳಿಗೆ ದೂರ. ಅದನ್ನು ಮುಟ್ಟಲು ಮಗು ಇಡೀ ಕೈಯನ್ನು ಹಿಡಿಕೆಯ ಸುತ್ತ ತಿರುಗಿಸಿಕೊಂಡಿತ್ತು. ಆಮೇಲೂ ಬೆರಳಿನ ತುದಿ ಮಾತ್ರ ತಾಗುತ್ತಿತ್ತು. ತುದಿಯಿಂದ ಎಳೆದರೆ ಟ್ರಿಗರ್ ನೇರ ಹಿಂದಕ್ಕೆ ಬರುವುದಿಲ್ಲ, ಪಿಸ್ತೂಲನ್ನು ಎಡಕ್ಕೆ ತಳ್ಳುತ್ತದೆ. ಡಂಬೆಲ್ ಎತ್ತಿದರೆ ಬೆರಳು ಉದ್ದವಾಗುತ್ತದೆಯೇ?

ಮೊದಲು ಟ್ರಿಗರನ್ನು ಅದರ ಹಳಿಯ ಮೇಲೆ ಕೊನೆಯವರೆಗೆ ಹಿಂದಕ್ಕೆ ತಂದೆವು. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಆಸರೆಯನ್ನು ಮೇಲಕ್ಕೆ ಸರಿಸಿದೆವು. ಹಾಗೂ ಬೆರಳು ಬದಿಯ ಮರಕ್ಕೆ ಉಜ್ಜುತ್ತಿತ್ತು. ಆ ಬಿಳಿ ಪಟ್ಟೆ ಇದ್ದ ಕಡೆ ಮಾತ್ರ, ಒಂದು ಮಿಲಿಮೀಟರ್‌ನಷ್ಟು ಆಳ, ಅರ್ಧಗುಂಡಿನ ಅರದಿಂದ ನಿಧಾನಕ್ಕೆ ತೆಗೆದೆವು. ನಾಲ್ಕು ಉಜ್ಜು, ಪುಡಿ ಸವರಿ ಹಿಡಿದು ನೋಡು, ಮತ್ತೆ ನಾಲ್ಕು ಉಜ್ಜು. ಆಗ ಕೈ ತಾನಾಗಿ ಹಿಂದಕ್ಕೆ ತಿರುಗಿ ಕವಲು ನಡುವೆ ಬಂದು ಕೂತಿತು. ಅಂಗೈ ಗುಳಿಯ ಖಾಲಿ ಜಾಗ ಎಷ್ಟು ಎನ್ನುವುದು ಆಮೇಲೆ ತಿಳಿಯಿತು, ಅದನ್ನು ತುಂಬಿದ್ದು ಅದರ ಮುಂದಿನ ವಾರ. ಅವಳ ಅಂಕ ಅಂದೇ ಏರಲಿಲ್ಲ. ಗುಂಡುಗಳು ಎಡದಿಂದ ನಡುವಿಗೆ ಸರಿದವು, ಅಷ್ಟೇ. ಆ ವಯಸ್ಸಿಗೆ ಅದು ದೊಡ್ಡ ವಿಷಯ, ಯಾಕೆಂದರೆ ತನ್ನ ಮಣಿಕಟ್ಟಿನಲ್ಲಿ ದೋಷ ಇಲ್ಲ ಎಂದು ಅವಳಿಗೆ ಗೊತ್ತಾಯಿತು.

ದೊಡ್ಡ ಕೈಯವರ ಕಷ್ಟ ಬೇರೆ. ಸಣ್ಣ ಹಿಡಿಕೆಯನ್ನು ಸುತ್ತಿದ ಬೆರಳ ತುದಿಗಳು ವಾಪಸು ಬಂದು ಹೆಬ್ಬೆರಳ ಬುಡವನ್ನೇ ಒತ್ತುತ್ತವೆ. ಹಿಡಿತ ಮುಂದಿನಿಂದ ಹಿಂದಕ್ಕೆ, ನೇರವಾಗಿ ಇರಬೇಕು. ಅದರಲ್ಲೂ ನಡುಬೆರಳಿನದೇ ಮುಖ್ಯ ಪಾತ್ರ. ಉಂಗುರಬೆರಳು ಅದಕ್ಕೆ ಜೊತೆ, ಕಿರುಬೆರಳು ಸುಮ್ಮನೆ ಕೂತರೆ ಸಾಕು. ಬೆರಳ ತುದಿಗಳು ಬದಿಯಿಂದ ಹಿಂಡಿದರೆ ಪ್ರತಿ ಗುಂಡಿಗೂ ಪಿಸ್ತೂಲು ತುಸು ತಿರುಗುತ್ತದೆ. ಇಂಥವರು ಆಸರೆಯನ್ನು ಕೆಳಗಿಳಿಸಿ, ಅಂಗೈಯ ಬದಿಗೆ ತುಂಬಿಕೊಳ್ಳಬೇಕು. ತುಂಬುವುದಕ್ಕೂ ಮಿತಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಎಡಗೈ ಮಕ್ಕಳ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಕ್ಲಬ್ಬಿನಲ್ಲಿ ಎಡಗೈ ಗ್ರಿಪ್ ಇಲ್ಲ, ಆದ್ದರಿಂದ ಬಲಗೈಯಲ್ಲೇ ಕಲಿ ಎಂದು ಹೇಳಿ ಎಷ್ಟು ಮಕ್ಕಳನ್ನು ಹಾಳು ಮಾಡಿದ್ದೇವೆ! ಬಲಗೈ ಗ್ರಿಪ್ಪನ್ನು ಉಜ್ಜಿ, ತುಂಬಿ ಎಡಗೈಯದನ್ನಾಗಿ ಮಾಡಲು ಬರುವುದಿಲ್ಲ, ಅದು ನಿಜ. ಎಡಗೈಯದನ್ನೇ ತರಿಸಬೇಕು, ಇಲ್ಲವೇ ಮರದ ದಿಮ್ಮಿಯಿಂದ ಹೊಸದಾಗಿ ಕೆತ್ತಿಸಬೇಕು. ಪೂರಾ ಪಿಸ್ತೂಲಿಗಿಂತ ಅದು ಎಷ್ಟೋ ಅಗ್ಗ. ಹಂಗೇರಿಯ ಕಾರೊಯ್ ಟಕಾಚ್ ಸೇನೆಯಲ್ಲಿದ್ದಾಗ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಕಳೆದುಕೊಂಡರು. ಎಡಗೈಯಲ್ಲಿ ಮೊದಲಿನಿಂದ ಕಲಿತು, 1948ರಲ್ಲಿ ಲಂಡನ್‌ನಲ್ಲಿ, 1952ರಲ್ಲಿ ಹೆಲ್ಸಿಂಕಿಯಲ್ಲಿ, 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಚಿನ್ನ ಗೆದ್ದರು. ಅವರು ಕೈ ಬದಲಾಯಿಸಿದ್ದು ಬೇರೆ ದಾರಿ ಇಲ್ಲದೆ. ಹುಟ್ಟಿನಿಂದ ಎಡಗೈ ಚುರುಕಾಗಿರುವ, ಎಡಗಣ್ಣೇ ಬಲವಾಗಿರುವ ಮಗುವಿಗೆ ಆ ಶಿಕ್ಷೆ ಯಾಕೆ? ಪೋಷಕರೇ, ನಿಮ್ಮ ಮಗುವಿಗೆ ಹೀಗೆ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಈಗ ತುಂಬುವ ಕೆಲಸಕ್ಕೆ ಬರೋಣ. ಮೊದಲು ತಾತ್ಕಾಲಿಕವಾಗಿ. ಹಳೇ ಸೈಕಲ್ ಟ್ಯೂಬನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಬಟ್ಟೆಯ ಟೇಪಿನಿಂದ ಆ ಜಾಗಕ್ಕೆ ಅಂಟಿಸಿ ಒಂದು ವಾರ ಹೊಡೆದು ನೋಡು. ಟ್ಯೂಬು ದಪ್ಪವಾಯಿತೇ, ಟೇಪನ್ನೇ ಎರಡು ಮೂರು ಪದರ ಹಾಕು. ಕಣ್ಣು ಮುಚ್ಚುವ ಪರೀಕ್ಷೆಯಲ್ಲಿ ಸೈಟು ಯಾವ ಕಡೆ ಸರಿಯಿತು ಎಂದು ಪ್ರತಿ ಪದರಕ್ಕೂ ನೋಟ್‌ಬುಕ್‌ನಲ್ಲಿ ಬರೆ. ಎಲ್ಲಿ, ಎಷ್ಟು ದಪ್ಪ ಬೇಕು ಎನ್ನುವುದು ಖಚಿತವಾದ ಮೇಲೆ ಶಾಶ್ವತದ ಮಾತು.

ಅದಕ್ಕೆ ಪರದೇಶದ ಫಿಲ್ಲರ್ ಹುಡುಕಬೇಕಿಲ್ಲ. ನಲ್ಲಿ ಸೋರಿದರೆ ಮನೆಯಲ್ಲಿ ಹಚ್ಚುವ ಎಂ-ಸೀಲ್ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮರದ ಎಪಾಕ್ಸಿ ಪುಟ್ಟಿ ಆದರೆ ಇನ್ನೂ ಒಳ್ಳೆಯದು, ಉಜ್ಜಲು ಹಗುರ. ಗ್ರಿಪ್ ಬಿಚ್ಚಿ, ತುಂಬಬೇಕಾದ ಕಡೆಯ ಹೊಳಪನ್ನು ದಪ್ಪ ಉಪ್ಪುಕಾಗದದಿಂದ ಉಜ್ಜಿ ತೆಗೆ. ನುಣುಪಾದ ವಾರ್ನಿಶ್ ಮೇಲೆ ಪುಟ್ಟಿ ಹಿಡಿಯುವುದಿಲ್ಲ, ಪಂದ್ಯದ ನಡುವೆ ಕಳಚಿ ಕೈಗೆ ಬರುತ್ತದೆ. ಕೈಗವಸು ಹಾಕಿಕೊಂಡು ಎರಡು ಭಾಗಗಳನ್ನೂ ಒಂದೇ ಬಣ್ಣ ಬರುವವರೆಗೆ ನಾದು. ಗೆರೆ ಗೆರೆ ಉಳಿದರೆ ಅಲ್ಲಿ ಗಟ್ಟಿಯಾಗದು. ಕೆಲವರ ಚರ್ಮಕ್ಕೆ ಎಪಾಕ್ಸಿ ಆಗುವುದಿಲ್ಲ, ಕೈಗವಸನ್ನು ಉದಾಸೀನ ಮಾಡಬೇಡ. ಪುಟ್ಟಿಯನ್ನು ಜಾಗಕ್ಕೆ ಒತ್ತಿ, ಮೇಲೆ ತೆಳುವಾದ ಪಾಲಿಥೀನ್ ಹಾಳೆ ಹೊದಿಸು. ಲೋಹದ ಭಾಗಕ್ಕೂ ಹಾಳೆ ಸುತ್ತಿ ಗ್ರಿಪ್ಪನ್ನು ಪಿಸ್ತೂಲಿಗೆ ಕೂರಿಸು. ಪಿಸ್ತೂಲಿನಲ್ಲಿ ಗಾಳಿಯ ಸಿಲಿಂಡರ್ ಖಾಲಿಯಾಗಿ ಇರಲಿ, ತೂಕ ಬದಲಾಗಬಾರದು. ಬ್ಯಾರಲ್‌ನಲ್ಲಿ ಕಿತ್ತಳೆ ಬಣ್ಣದ ಸುರಕ್ಷಾ ದಾರ ಇರಲಿ. ಪೆಲೆಟ್ ಡಬ್ಬಿ ಆ ಕೋಣೆಯಲ್ಲೇ ಬೇಡ.

ಇನ್ನು ಹಿಡಿಯುವುದು. ಇಲ್ಲಿ ಎಲ್ಲರೂ ಗಟ್ಟಿಯಾಗಿ ಹಿಂಡುತ್ತಾರೆ, ಬೆರಳಚ್ಚು ಚೆನ್ನಾಗಿ ಬೀಳಲಿ ಅಂತ. ಹಿಂಡಿದ ಕೈಯ ಅಚ್ಚು ನಿನಗೆ ಬೇಕಿಲ್ಲ, ಪಂದ್ಯದಲ್ಲಿ ನೀನು ಹಾಗೆ ಹಿಡಿಯುವುದಿಲ್ಲ. ಯಾವಾಗಲೂ ಹಿಡಿಯುವಂತೆ ಹಿಡಿದು, ನಿಲುವು ತೆಗೆದುಕೊಂಡು, ಖಾಲಿ ಗೋಡೆಗೆ ಗುರಿ ಇಡು. ಇಳಿಸು, ಸುಧಾರಿಸಿಕೋ, ಮತ್ತೆ ಎತ್ತು. ನಾಲ್ಕಾರು ಸಲ ಎತ್ತಿ ಇಳಿಸುವಷ್ಟರಲ್ಲಿ ಪುಟ್ಟಿ ನಿನ್ನ ಕೈಯ ಆಕಾರಕ್ಕೆ ಬಂದಿರುತ್ತದೆ. ಹೆಚ್ಚಾಗಿ ಹೊರಗೆ ಉಬ್ಬಿದ್ದನ್ನು ಒದ್ದೆ ಬೆರಳಿನಿಂದ ಒರೆಸಿ, ರಾತ್ರಿಯಿಡೀ ಬಿಡು. ಬೆಳಗ್ಗೆ ಹಾಳೆ ತೆಗೆದರೆ ಅಂಗೈಯ ರೇಖೆಗಳೂ ಅದರಲ್ಲಿ ಕಾಣುತ್ತವೆ. ಆ ಅಚ್ಚನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ಆಗುತ್ತದೆ. ಉಳಿಸಬೇಡ, ಉಪ್ಪುಕಾಗದದಿಂದ ಒಂದು ಕೂದಲೆಳೆಯಷ್ಟು ತೆಗೆ.

ಕಾರಣ ಇದೆ. ಕೈ ದಿನವಿಡೀ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನಲ್ಲಿ ಸಡಿಲ ಅನಿಸಿದ ಗ್ರಿಪ್ಪು ಮೇ ತಿಂಗಳ ಮಧ್ಯಾಹ್ನ ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲಿ ಬಿಗಿಯಾಗುತ್ತದೆ, ಸೆಖೆಗೆ ಬೆರಳು ಊದಿಕೊಳ್ಳುತ್ತವೆ. ತಂಪಿನಲ್ಲಿ ಅಚ್ಚುಕಟ್ಟಾಗಿ ಬಿಗಿದಂತೆ ಮಾಡಿಕೊಂಡದ್ದು ಸೆಖೆಯಲ್ಲಿ ಕೈಯನ್ನು ಕಚ್ಚುತ್ತದೆ. ಅದರಲ್ಲೂ ಆಸರೆಯನ್ನು ಬಿಗಿಯಾಗಿ ಮೇಲೆತ್ತುವವರಿದ್ದಾರೆ. ಅಂಗೈ ಮೇಲೂ ಕೆಳಗೂ ಸಿಕ್ಕಿಕೊಂಡರೆ ಹದಿನೈದು ಗುಂಡಿನ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತವೆ. ಆಸರೆ ಕೈಯನ್ನು ಮುಟ್ಟಿದರೆ ಸಾಕು, ಎತ್ತಿ ಹಿಡಿಯಬೇಕಿಲ್ಲ.

ನಿನಗೆ ಹದಿನೈದು ವರ್ಷ ದಾಟಿಲ್ಲವಾದರೆ ಇನ್ನೊಂದು ಮಾತು. ನಿನ್ನ ಕೈ ಇನ್ನೂ ಬೆಳೆಯುತ್ತದೆ. ಬೆಳೆಯುವ ಹುಡುಗಿಗೆ ಲಂಗ ಹೊಲಿಯುವಾಗ ಅಂಚು ಕತ್ತರಿಸದೆ ಒಳಗೆ ಮಡಚಿ ಬಿಡುತ್ತಾರಲ್ಲ, ಹಾಗೆ ಮರವನ್ನು ಉಳಿಸಿಕೋ. ಹಿಡಿಕೆಯಲ್ಲಿ ಬೆರಳು ಕೂರುವ ತೋಡುಗಳು ಸಣ್ಣ ಕೈಗೆ ಹೊಂದುತ್ತಿಲ್ಲವೇ? ತೋಡುಗಳ ನಡುವಿನ ದಿಣ್ಣೆ ಕೊರೆಯುವ ಬದಲು ತೋಡುಗಳನ್ನೇ ಪುಟ್ಟಿಯಿಂದ ತುಂಬಿ ಸಮ ಮಾಡು. ನಾಳೆ ಕೈ ದೊಡ್ಡದಾದಾಗ ಪುಟ್ಟಿ ಉಜ್ಜಿ ತೆಗೆದರಾಯಿತು, ಒಳಗಿನ ಮರ ಹಾಗೇ ಇರುತ್ತದೆ. ಕ್ಲಬ್ಬಿನ ಪಿಸ್ತೂಲಾದರೆ ಪುಟ್ಟಿ ಹಚ್ಚುವ ಕೆಲಸವೇ ಬೇಡ. ಅಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ರಬ್ಬರ್ ತುಂಡು, ಟೇಪು ಡಬ್ಬಿಯಲ್ಲಿಟ್ಟುಕೊಳ್ಳಿ. ಟ್ರಿಗರ್ ಎಷ್ಟನೇ ಗೀರಿನಲ್ಲಿ, ಆಸರೆ ಎಷ್ಟು ಎತ್ತರದಲ್ಲಿ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಐದು ನಿಮಿಷದಲ್ಲಿ ನಿನ್ನ ಹಿಡಿಕೆ ನಿನಗೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಮುಂದಿನವರಿಗಾಗಿ ಬಿಚ್ಚಿಡು. ಅನುಕೂಲ ಇರುವ ಕ್ಲಬ್ಬುಗಳಿಗೆ ನನ್ನ ವಿನಂತಿ ಏನೆಂದರೆ, ಇನ್ನೊಂದು ಪಿಸ್ತೂಲು ಕೊಳ್ಳುವ ಮುಂಚೆ ಇರುವ ಪಿಸ್ತೂಲಿಗೇ ಸಣ್ಣದೊಂದು, ದೊಡ್ಡದೊಂದು, ಎಡಗೈಯದೊಂದು ಗ್ರಿಪ್ ತರಿಸಿ. ಎರಡು ತಿರುಪು ಬಿಚ್ಚಿ ಹಾಕುವ ಕೆಲಸ ಅದು.

ಉಜ್ಜುವಾಗ ಗ್ರಿಪ್ ಮಾತ್ರ ನಿನ್ನ ಮುಂದೆ ಇರಬೇಕು. ಪಿಸ್ತೂಲು ಪೆಟ್ಟಿಗೆಯಲ್ಲಿ, ಬೀಗ ಹಾಕಿ. ಮರದ ಪುಡಿಯೂ ಪುಟ್ಟಿಯ ಪುಡಿಯೂ ಟ್ರಿಗರ್ ಒಳಗೆ ಸೇರಿದರೆ ಆಮೇಲೆ ಯಾವ ಹಿಡಿಕೆಯೂ ನಿನ್ನನ್ನು ಕಾಪಾಡದು. ಟ್ರಿಗರಿನ ಭಾರ ಹೊಂದಿಸುವ ಸ್ಕ್ರೂಗಳನ್ನು ಕೋಚ್ ಇಲ್ಲದೆ ಮುಟ್ಟಬೇಡ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಎತ್ತಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಹೊರಗೆ. ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಿಕೋ. ಇನ್ನು ಮನೆಯಲ್ಲಿ ತಾತನ ಕಾಲದ ಲೈಸೆನ್ಸ್ ಪಿಸ್ತೂಲೋ ರಿವಾಲ್ವರೋ ಇದ್ದರೆ, ಈ ಬರಹ ಅದಕ್ಕಲ್ಲ. ಅದರ ಹಿಡಿಕೆ ಸಡಿಲವಾಗಿದ್ದರೂ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಹೋಗಬೇಕು. ಗುಂಡು ಹಾರುವ ಆಯುಧದ ಜೊತೆ ಮನೆಯಲ್ಲಿ ಪ್ರಯೋಗ ಬೇಡವೇ ಬೇಡ.

ಮೇಲ್ಮೈ ವಿಷಯ ಚಿಕ್ಕದು. ಉಜ್ಜಿದ ಮರವನ್ನು ಪಳಪಳ ಹೊಳೆಯುವಂತೆ ಪಾಲಿಶ್ ಮಾಡಿ ತರುತ್ತಾರೆ, ಬೆವರು ಬಂದ ಕೂಡಲೇ ಜಾರುತ್ತದೆ. ತುಸು ಒರಟಾಗಿಯೇ ಇರಲಿ. ಮೊನೆಯಾದ ಪಂಚ್‌ನಿಂದ ಒತ್ತೊತ್ತಾಗಿ ಸಣ್ಣ ಚುಕ್ಕೆ ಹೊಡೆದರೆ ಇನ್ನೂ ಚೆನ್ನ. ಅಗಸೆ ಎಣ್ಣೆ ಒಂದು ತೆಳು ಕೈ ಸವರು, ಬೆವರಿನಿಂದ ಮರ ಉಬ್ಬದಂತೆ ತಡೆಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ ಆಮೇಲೆ ಬಿಸಾಡು.

ಈಗ ಮಿತಿಯ ಮಾತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದ ಪ್ರಕಾರ ಏರ್ ಪಿಸ್ತೂಲು ಸಾಮಾನು ಸಮೇತ 1500 ಗ್ರಾಂ ಮೀರಬಾರದು. ಉದ್ದ 420, ಎತ್ತರ 200, ಅಗಲ 50 ಮಿಲಿಮೀಟರ್ ಇರುವ ಪೆಟ್ಟಿಗೆಯೊಳಗೆ ಅದು ಪೂರ್ತಿ ಕೂರಬೇಕು. ಆ 50 ಮಿಲಿಮೀಟರ್ ಅಗಲದ್ದೇ ಗಂಡಾಂತರ. ದೊಡ್ಡ ಕೈಯ ಹುಡುಗರು ಎರಡೂ ಬದಿಗೆ ಪುಟ್ಟಿ ಮೆತ್ತಿಕೊಂಡು ಬಂದರೆ ಪೆಟ್ಟಿಗೆಗೆ ತಾಗುತ್ತದೆ. ಹಿಡಿಕೆ ಮಣಿಕಟ್ಟನ್ನು ಮುಟ್ಟಬಾರದು, ಮಣಿಕಟ್ಟು ಬಿಡುವಾಗಿ ಕಾಣಬೇಕು. ಕೈಯ ಸುತ್ತ ಅದು ಸುತ್ತಿಕೊಳ್ಳಬಾರದು. ಅಂಗೈ ಆಸರೆಯ ಅಂಚು ಮೇಲಕ್ಕೆ ಬಾಗಿ ಕೈಯನ್ನು ತಬ್ಬುವಂತಿರಬಾರದು. ಹೆಬ್ಬೆರಳು ಮೇಲಕ್ಕೆ ಸರಾಗವಾಗಿ ಏಳುವಂತಿರಬೇಕು. ಕ್ಲಬ್ಬಿನ ಹಳೇ ಫೋಟೊಗಳಲ್ಲಿ ಇಡೀ ಕೈಯನ್ನೇ ಮರದೊಳಗೆ ಹೊಗಿಸಿಕೊಂಡಂಥ ಗ್ರಿಪ್ ನೋಡಿ ಹಾಗೆ ಮಾಡಿಕೊಳ್ಳಲು ಹೊರಡುತ್ತೀರಿ. ಅದು 50 ಮೀಟರ್ ಫ್ರೀ ಪಿಸ್ತೂಲಿನದು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಅದೇ ವಿಭಾಗದಲ್ಲಿ. ಅದರ ಹಿಡಿಕೆಗೆ ನಿಯಮ ಸಡಿಲವಾಗಿತ್ತು. ರಿಯೋ ನಂತರ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಯೇ ಇಲ್ಲ. ಏರ್ ಪಿಸ್ತೂಲಿಗೆ ಅದನ್ನು ನಕಲು ಮಾಡಿದರೆ ತಪಾಸಣೆಯ ಮೇಜಿನಿಂದಲೇ ಮನೆಗೆ.

ಒಂದು ಬದಲಾವಣೆ ಮಾಡಿದ ಮೇಲೆ ಕನಿಷ್ಠ ಎರಡು ವಾರ ಬೇರೇನನ್ನೂ ಮುಟ್ಟಬೇಡ. ಮೊದಲ ಎರಡು ದಿನ ಹೊಸ ಹಿಡಿಕೆ ಎಲ್ಲರಿಗೂ ಚೆನ್ನಾಗಿಯೇ ಅನಿಸುತ್ತದೆ, ಮೂರನೇ ದಿನ ಎಲ್ಲರಿಗೂ ಕೆಟ್ಟದಾಗಿ ಅನಿಸುತ್ತದೆ. ಎರಡನ್ನೂ ನಂಬಬೇಡ. ನೋಟ್‌ಬುಕ್‌ನಲ್ಲಿರುವ ಕಣ್ಣು ಮುಚ್ಚಿದ ಪರೀಕ್ಷೆಯ ಗುರುತುಗಳನ್ನು ನಂಬು. ಅಂಕ ಬೀಳುತ್ತಿರುವುದು ಹಿಡಿಕೆಯಿಂದಲೋ ಟ್ರಿಗರ್ ಎಳೆಯುವ ರೀತಿಯಿಂದಲೋ ಎಂದು ಗೊಂದಲ ಆದರೆ ಡ್ರೈ ಫೈರ್ ಮಾಡಿ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ನೋಡು. ತೋಳು ಎತ್ತಿದಾಗ ಸೈಟು ಸಾಲಾಗಿದ್ದು, ಟ್ರಿಗರ್ ಕಳಚುವ ಕ್ಷಣದಲ್ಲಿ ಮಾತ್ರ ಜಿಗಿದರೆ ಅದು ಬೆರಳಿನ ಸಮಸ್ಯೆ. ಬೆರಳು ಮರಕ್ಕೆ ಉಜ್ಜುತ್ತಿಲ್ಲ ಎಂದು ಪುಡಿ ಸವರಿ ಖಾತ್ರಿ ಮಾಡಿಕೊಂಡಿದ್ದರೆ, ಎಷ್ಟು ಪುಟ್ಟಿ ಹಚ್ಚಿದರೂ ಅದು ಹೋಗದು, ಅದಕ್ಕೆ ಬೇರೆ ಅಭ್ಯಾಸ ಇದೆ.

ಪಂದ್ಯಕ್ಕೆ ಹದಿನೈದು ದಿನ ಇರುವಾಗ ಅರ, ಪುಟ್ಟಿ ಎಲ್ಲ ಒಳಗೆ ಎತ್ತಿಡು. ತಪಾಸಣೆಗೆ ಹೋಗುವಾಗ ಗ್ರಿಪ್ಪಿನ ತಿರುಪು ಬಿಗಿಯಾಗಿದೆಯೇ, ಆಸರೆ ನಿನ್ನ ಗುರುತಿನಲ್ಲೇ ಇದೆಯೇ ನೋಡಿಕೋ. ಅವರು ಪೆಟ್ಟಿಗೆಯಲ್ಲಿಟ್ಟು, ತೂಗಿ, ಸ್ಟಿಕ್ಕರ್ ಹಚ್ಚಿ ಕೊಟ್ಟ ಮೇಲೆ ಹಿಡಿಕೆಯ ಆಕಾರ ಬದಲಾಯಿಸುವಂತಿಲ್ಲ. ಟೇಪಿನ ಒಂದು ತುಂಡು ಕಿತ್ತು ಬಂದಿದ್ದರೂ ನೀನಾಗಿ ಸುತ್ತಿಕೊಳ್ಳಬೇಡ. ತಪಾಸಣೆಯ ಮೇಜಿಗೆ ವಾಪಸು ಹೋಗಿ, ಅವರ ಎದುರಿಗೇ ಅಂಟಿಸಿ, ಇನ್ನೊಮ್ಮೆ ಅಳತೆ ಮಾಡಿಸಿಕೊಂಡು ಲೇನಿಗೆ ಹೋಗು.